ಅರ್ಥಕ್ಕೆ ಅಂಕವಿಲ್ಲವೇ?

ಆಷಾಢದ ಮಳೆ. ಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿ ಅಣ್ಣನ ಮಗನ ಜೊತೆ ಸ್ಕ್ರ್ಯಾಬಲ್ ಆಡುತ್ತ ಕೂತಿದ್ದೆ. ಹುಡುಗ ಇಂಗ್ಲಿಷಿನ ‘ಸಿ’, ‘ಡಬ್ಲ್ಯೂ’, ‘ಎಂ’ ಬಿಲ್ಲೆಗಳನ್ನು ಜೋಡಿಸಿ ಹತ್ತು ಅಂಕ ಬರೆದುಕೊಂಡ. “ಹಾಗಂದ್ರೇನೋ?” ಎಂದೆ. “ಅರ್ಥ ಯಾರಿಗೆ ಬೇಕು ಚಿಕ್ಕಪ್ಪ? ಲಿಸ್ಟಲ್ಲಿದೆ” ಎಂದ.

ನನ್ನ ತಕರಾರು ಈ ಮಾತಿನ ಮೇಲೆ. ಆಟದ ಮೇಲಲ್ಲ, ಇಂಗ್ಲಿಷಿನ ಮೇಲೂ ಅಲ್ಲ.

ಆಟದ ನಿಯಮ ಅರ್ಥ ಕೇಳುವುದಿಲ್ಲ, ನಿಜ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೂ ಪದಪಟ್ಟಿ ಉರುಹೊಡೆದು 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಅಸಾಧಾರಣ ನೆನಪು, ಕೈಮುಗಿಯೋಣ. ಆದರೆ ‘ಮಕ್ಕಳ ಶಬ್ದಸಂಪತ್ತು ಬೆಳೆಯುತ್ತದೆ’ ಎಂದು ಇಂಥ ಪಟ್ಟಿಗಳನ್ನು ಬಾಯಿಪಾಠ ಮಾಡಿಸುವ ದೊಡ್ಡವರನ್ನು ನಾನು ಕೇಳುವುದಿಷ್ಟೆ: ಅರ್ಥವೇ ಇಲ್ಲದ ಮೇಲೆ ಅದು ಸಂಪತ್ತು ಹೇಗಾಯಿತು? ಎಣಿಸಲು ಬರುತ್ತದೆ, ಖರ್ಚು ಮಾಡಲು ಬಾರದು.

ಹುಡುಗ ಇಟ್ಟ ‘ಕೂಮ್’ ವೇಲ್ಸ್ ನಾಡಿನ ಮಾತು. ಬೆಟ್ಟದ ಮಗ್ಗುಲಲ್ಲಿ ಬೋಗುಣಿಯ ಹಾಗೆ ತಗ್ಗಾದ ಕಣಿವೆ ಎಂದರ್ಥ. ಶೃಂಗೇರಿಯ ದಾರಿಯುದ್ದಕ್ಕೂ ಬೆಟ್ಟ ಕಣಿವೆ ನೋಡುತ್ತ ಬೆಳೆದವನಿಗೆ ಇದನ್ನು ಹೇಳಿದ್ದರೆ ಮರೆಯುತ್ತಿದ್ದನೇ? ‘ಅರೆಕಾ’ ಎಂದಿಟ್ಟರೆ ಏಳು ಅಂಕ. ಮಲಯಾಳದ ಅಡಯ್ಕ, ನಮ್ಮ ಅಡಿಕೆ ಒಡಹುಟ್ಟುಗಳು. ಆ ಮಾತೇ ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ದಾಟಿದ್ದು. ಮನೆ ಹಿಂದಿನ ತೋಟದ ಅಡಿಕೆಯೇ ಬಿಲ್ಲೆಯ ಮೇಲೂ ಕೂತಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಇನ್ನು ‘ಕೊಳೆರೋಗ’. 19ನೇ ಶತಮಾನದಲ್ಲಿ ಕಾಫಿ ಎಲೆ ಕೊಳೆಸುವ ಶಿಲೀಂಧ್ರಕ್ಕೆ ಹೆಸರಿಡುವಾಗ ಎಂ.ಸಿ. ಕುಕ್ ಎಂಬ ಇಂಗ್ಲಿಷ್ ತಜ್ಞ ನಮ್ಮವರ ಈ ಮಾತನ್ನೇ ಎತ್ತಿಕೊಂಡು ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದ. 1910ರಲ್ಲಿ ಮೈಸೂರು ಸರ್ಕಾರದ ಲೆಸ್ಲಿ ಕೋಲ್ಮನ್ ಅಡಿಕೆ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ವರದಿಯ ತಲೆಬರಹದಲ್ಲೂ ಅದೇ ಪದ. ಕಾಫಿಯ ಎಲೆರೋಗ ಹಬ್ಬಿ 1915ರಲ್ಲಿ ಇದೇ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ತೆರೆಯಿತು. 1925ರಲ್ಲಿ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವೇ ಬಂತು. ಕಣ್ಣೆದುರೇ ಫಸಲು ಕೊಳೆತು ಉದುರಿದವರು ಆಡಿದ ಮಾತು ಅದು. ಅರ್ಥ ಗಟ್ಟಿಯಾಗಿದ್ದಕ್ಕೇ ಲೋಕದ ಪುಸ್ತಕ ಸೇರಿತು. ಅದನ್ನೂ ಬರಿಯ ಎಂಟು ಬಿಲ್ಲೆಯೆಂದು ಎಣಿಸೋಣವೇ?

ಆವತ್ತಿನಿಂದ ನಮ್ಮ ಜಗಲಿಯಲ್ಲಿ ಹೊಸ ನಿಯಮ: ಅರ್ಥ ಹೇಳದಿದ್ದರೆ ಅರ್ಧ ಅಂಕ. ಮರುದಿನ ಹುಡುಗ ಎರಡು ‘ಎ’ ಜೋಡಿಸಿ, “ಹವಾಯಿಯ ಒರಟು ಲಾವಾ ಚಿಕ್ಕಪ್ಪ” ಎಂದ. ‘ಕ್ಯೂ’, ‘ಐ’ ಇಟ್ಟು ಹನ್ನೊಂದು ಅಂಕ ಹೊಡೆಯಲು ಹೋದ ನಾನು ‘ಅದೇ... ಚೀನಾದ್ದು...’ ಎಂದು ತಡವರಿಸಿದೆ. ಅದು ಪ್ರಾಣಶಕ್ತಿ ಎಂದು ಹೇಳಿಕೊಟ್ಟವನೂ ಅವನೇ. ಸೋತೆ. ಇಂಥ ಸೋಲು ನಿಮ್ಮ ಮನೆಗಳಿಗೂ ಬರಲಿ.