ಉಲ್ಲೇಖಗಳ ಲೆಕ್ಕವೇ ವಿಜ್ಞಾನಿಯ ಬೆಲೆಯೇ?

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ನಾವೆಲ್ಲ ಬಾಯಿಪಾಠ ಮಾಡುವ ಮೂರು ಸಂಕೇತಗಳಿವೆ: ಯುಎಎ, ಯುಎಜಿ, ಯುಜಿಎ. ಪ್ರೋಟೀನ್ ತಯಾರಿಕೆ ಇಲ್ಲಿಗೆ ನಿಲ್ಲಲಿ ಎಂದು ಜೀವಕೋಶಕ್ಕೆ ಹೇಳುವ ಸಂಕೇತಗಳು ಇವು. ಇವುಗಳ ಪತ್ತೆಗೆ ದಾರಿ ಮಾಡಿಕೊಟ್ಟ ಆರಂಭದ ಪ್ರಯೋಗಗಳಲ್ಲಿ ಭಾರತೀಯರೊಬ್ಬರ ಪಾಲೂ ಇದೆ. ಅವರು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದ ಒಬೈದ್ ಸಿದ್ದಿಕಿ. ಆ ಸಂಕೇತಗಳನ್ನು ಬರೆದು ಅಂಕ ಗಳಿಸುವ ನಮ್ಮಲ್ಲಿ ಎಷ್ಟು ಜನ ಅವರ ಹೆಸರು ಕೇಳಿದ್ದೇವೆ?

ಇಂದು ವಿಜ್ಞಾನಿಯನ್ನು ಅಳೆಯುವುದು ಹೆಚ್ಚಾಗಿ ಉಲ್ಲೇಖಗಳ ಲೆಕ್ಕದಿಂದ. ಒಬ್ಬರ ಸಂಶೋಧನಾ ಲೇಖನವನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಎಂಬ ಲೆಕ್ಕ ಅದು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಇದಕ್ಕೆ ಎಚ್-ಸೂಚ್ಯಂಕ ಎಂಬ ಅಳತೆ ಕೊಟ್ಟರು. ಸೂಚ್ಯಂಕ 20 ಎಂದರೆ, ಆ ವಿಜ್ಞಾನಿಯ 20 ಲೇಖನಗಳು ತಲಾ ಕನಿಷ್ಠ 20 ಸಲ ಉಲ್ಲೇಖಗೊಂಡಿವೆ ಎಂದರ್ಥ.

ಈ ಲೆಕ್ಕ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನ 1951ರಲ್ಲಿ ಲೌರಿ ಮತ್ತು ಸಂಗಡಿಗರು ಬರೆದದ್ದು. ಪ್ರೋಟೀನ್ ಪ್ರಮಾಣ ಅಳೆಯುವ ವಿಧಾನ ಅದರ ವಿಷಯ. ಮೂರು ಲಕ್ಷಕ್ಕೂ ಹೆಚ್ಚು ಸಲ ಅದು ಉಲ್ಲೇಖಗೊಂಡಿದೆ. ಡಿಎನ್‌ಎ ರಚನೆ ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನವಾದರೋ 2014ರಲ್ಲಿ ಪ್ರಕಟವಾದ ಮೊದಲ ನೂರರ ಪಟ್ಟಿಯಲ್ಲೇ ಇರಲಿಲ್ಲ! ಎಲ್ಲರಿಗೂ ಗೊತ್ತಿರುವ ಸತ್ಯವನ್ನು ಯಾರು ಹೇಳಿದರೆಂದು ಯಾರೂ ಮತ್ತೆ ಮತ್ತೆ ಬರೆಯುವುದಿಲ್ಲ. ವಿಧಾನವನ್ನು ಮಾತ್ರ ಬಳಸಿದಾಗಲೆಲ್ಲ ಬರೆಯಬೇಕು.

ಸಿದ್ದಿಕಿಯವರ ಕೆಲಸ ನೋಡೋಣ. 1962ರಲ್ಲಿ ಅಲನ್ ಗ್ಯಾರೆನ್ ಜೊತೆ ಅವರು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಒಂದು ವಿಚಿತ್ರವನ್ನು ತೋರಿಸಿದರು. ಒಂದು ಜೀನ್ ಕೆಟ್ಟು ನಿಂತುಹೋದ ಕಿಣ್ವದ ತಯಾರಿಕೆಯನ್ನು ಬೇರೊಂದು ಜೀನಿನ ಬದಲಾವಣೆ ಮರಳಿ ಶುರುಮಾಡಬಲ್ಲದು. ಅದೇ ವರ್ಷ ಹೋಮಿ ಭಾಭಾ ಅವರ ಬೆಂಬಲದಿಂದ ಮುಂಬೈಯ ಟಾಟಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ಘಟಕ ಆರಂಭಿಸಿದರು. ಮುಂದೆ ಬೆಂಜರ್ ಜೊತೆ, ಬಿಸಿಯಾದರೆ ನಿಶ್ಚಲವಾಗುವ ಹಣ್ಣಿನ ನೊಣಗಳನ್ನು ಅಭ್ಯಸಿಸಿ ನರಗಳ ಕೆಲಸವನ್ನು ಹುಡುಕಿದರು. ವಿದ್ಯಾರ್ಥಿನಿ ವೆರೋನಿಕಾ ರೋಡ್ರಿಗಸ್ ಜೊತೆ ನೊಣದ ವಾಸನೆ ಮತ್ತು ರುಚಿಯ ಜೀನ್‌ಗಳನ್ನು ಹುಡುಕಲು ಹೊರಟರು. ಕೊನೆಗೆ ನಮ್ಮ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಕಟ್ಟಿದರು. 2006ರಲ್ಲಿ ಪದ್ಮವಿಭೂಷಣ ಬಂತು. 2013ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಲೇಖನಗಳ ಉಲ್ಲೇಖ ಎಣಿಸಬಹುದು. ಆದರೆ ಕಟ್ಟಿದ ಪ್ರಯೋಗಾಲಯ, ಬೆಳೆಸಿದ ಶಿಷ್ಯರು, ಆ ಶಿಷ್ಯರು ಬೆಳೆಸಿದ ಶಿಷ್ಯರು ಯಾವ ಸೂಚ್ಯಂಕಕ್ಕೆ ಸಿಗುತ್ತಾರೆ?

ಗೆಳೆಯರೇ, ಇದು ನಮಗೂ ಸಂಬಂಧಿಸಿದ ಮಾತು. ನಮ್ಮನ್ನೂ ಶೇಕಡಾವಾರು ಮತ್ತು ನೀಟ್ ರ‍್ಯಾಂಕ್‌ನಿಂದಲೇ ಅಳೆಯಲಾಗುತ್ತದೆ. ಅಂಕ ಬೇಡವೆಂದು ನಾನು ಹೇಳುವುದಿಲ್ಲ, ಸೀಟು ಸಿಗುವುದು ಅದರಿಂದಲೇ. ಆದರೆ ರ‍್ಯಾಂಕ್ ಬರಲಿಲ್ಲವೆಂದು ವಿಜ್ಞಾನವನ್ನೇ ಬಿಡುವ ಗೆಳತಿಯರನ್ನು ಕಂಡಾಗ ಬೇಸರವಾಗುತ್ತದೆ. ಮೂಲವಿಜ್ಞಾನದಲ್ಲಿ ಬಿಎಸ್ಸಿ ಮಾಡುವುದು ಸೋತವರ ದಾರಿಯಲ್ಲ.

ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ. ಸೂಚನಾ ಫಲಕದಲ್ಲಿ ಹೆಚ್ಚು ಅಂಕ ಗಳಿಸಿದವರ ಫೋಟೋ ಇರಲಿ. ಪಕ್ಕದಲ್ಲೇ, ಲ್ಯಾಬಿನಲ್ಲಿ ಒಳ್ಳೆಯ ಪ್ರಶ್ನೆ ಕೇಳಿದವರ ಹೆಸರು ಮತ್ತು ಆ ಪ್ರಶ್ನೆಗೂ ಸ್ವಲ್ಪ ಜಾಗ ಕೊಡಿ.