ತೋಟದ ಕೋವಿಗೆ ಸ್ಕೋಪ್ ಬೇಕೆ?

ಈಚೆಗೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಕೆಲವರು ಗೊಬ್ಬರ, ಮೈಲುತುತ್ತದ ಮಾತು ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಾರೆ. ಕೋವಿಗೆ ಸ್ಕೋಪ್ ಕೂರಿಸಬೇಕೆಂದಿದೆ, ಗುಡ್ಡ ಹತ್ತಿ ಇಳಿಯುವಾಗ ಭಾರವಾಗದಂಥ ಹಗುರ ಮೌಂಟ್ ಯಾವುದು ಎಂದು. ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿಗಳ ಕಡೆ ನೌಕರಿಯಲ್ಲಿರುವ ಮಕ್ಕಳು ಸಾಮಾನು ತರಿಸಿಕೊಡುತ್ತೇವೆ, ಕೂರಿಸುವ ಕೆಲಸವನ್ನು ಅಲ್ಲಿಯ ಲೇತ್ ಶಾಪಿನಲ್ಲೇ ಮಾಡಿಸೋಣ ಎನ್ನುತ್ತಾರಂತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ನಮ್ಮ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ನಮ್ಮಲ್ಲಿ ಹೆಚ್ಚಿನವರ ಕೋವಿಗೆ ಸ್ಕೋಪೂ ಬೇಡ, ಮೌಂಟೂ ಬೇಡ. ಆ ಹಣಕ್ಕೆ ಕುತ್ತಿಗೆಗೆ ಹಾಕಿಕೊಳ್ಳುವ ಒಂದು ಒಳ್ಳೆಯ ಬೈನಾಕ್ಯುಲರ್ ಕೊಳ್ಳುವುದು ಮೇಲು.

ಸ್ಕೋಪನ್ನು ಕೋವಿಗೆ ಬಿಗಿದು ಹಿಡಿಯುವ ತಳಪಟ್ಟಿ ಮತ್ತು ಬಳೆಗಳಿಗೆ ಮೌಂಟ್ ಎನ್ನುತ್ತಾರೆ. ಆಲ್ಪ್ಸ್, ರಾಕಿ ಪರ್ವತಗಳಲ್ಲಿ ಪರವಾನಗಿ ಪಡೆದು ಬೇಟೆಯಾಡುವವರು ದಿನವಿಡೀ ಬೆಟ್ಟ ಹತ್ತಿ, ಇನ್ನೂರು ಮುನ್ನೂರು ಗಜ ದೂರದ ಪ್ರಾಣಿಗೆ ರೈಫಲ್ ಹಿಡಿಯುತ್ತಾರೆ. ಅವರಿಗೆ ಹಗುರ ಮೌಂಟಿನ ಚಿಂತೆ ಸಹಜ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅಂಥ ಬೇಟೆಯ ಕಾಲ ಮುಗಿಯಿತು. ನಮ್ಮ ಕೈಯಲ್ಲಿರುವ ಕೋವಿ ಬೆಳೆ ರಕ್ಷಣೆಯದು. 1959ರ ಆಯುಧ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಕೇಪಿನ ಕೋವಿಯನ್ನು. ಆತ್ಮರಕ್ಷಣೆಗೆ, 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು. ಹನ್ನೆರಡು ಬೋರಿನ ಕೋವಿಯ ಚರೆ ನಲವತ್ತು ಗಜ ದಾಟಿದರೆ ಚೆದರಿಹೋಗುತ್ತದೆ. ಕಾಫಿ ಗಿಡಗಳ ನಡುವೆ, ಅಡಿಕೆ ಮರಗಳ ಸಾಲಿನಲ್ಲಿ, ನೆರಳಿನ ಕೆಳಗೆ ಅಷ್ಟು ದೂರ ಕಾಣಿಸುವುದೂ ಅಪರೂಪ. ಅಂಥ ಕೋವಿಯ ಮೇಲೆ ಸ್ಕೋಪ್ ಕೂರಿಸಿದರೆ ಹತ್ತಿರದ ವಸ್ತು ಮಸುಕಾಗಿ ಕಂಡೀತೇ ಹೊರತು ಗುರಿ ಸುಧಾರಿಸದು. ಕೊಡಗಿನಲ್ಲಿ ಕೈಲ್ ಮುಹೂರ್ತದಂದು ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಹಿಂದಿನಿಂದಲೂ ಬರಿಗಣ್ಣಿನ ಗುರಿಯಿಂದಲೇ ಒಡೆಯುತ್ತ ಬಂದಿದ್ದಾರೆ. ಕೈ ಪಳಗಿರುವುದು ಮುಖ್ಯ.

ಇನ್ನು ತೂಕದ ಮಾತು. ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಭಾಗದಷ್ಟು ತೂಗುತ್ತದೆ, ನಿಜ. ಆದರೆ ಉಕ್ಕಿನ ಮೌಂಟ್ ಬಿಟ್ಟು ಅಲ್ಯೂಮಿನಿಯಂ ತಂದರೆ ಉಳಿಯುವುದು ಸುಮಾರು ನೂರು ಗ್ರಾಂ, ಅಂದರೆ ಹನ್ನೆರಡು ಬೋರಿನ ಎರಡು ತೋಟೆಗಳ ತೂಕ. ಸ್ಕೋಪ್ ತಾನೇ ಮುನ್ನೂರರಿಂದ ಐನೂರು ಗ್ರಾಂ ಇರುವಾಗ ಮೌಂಟಿನಲ್ಲಿ ನೂರು ಗ್ರಾಂ ಉಳಿಸುವುದು ಎಂಥ ಲೆಕ್ಕ? ಜೇಬಿನಿಂದ ಎರಡು ತೋಟೆ ತೆಗೆದಿಟ್ಟರೂ ಅಷ್ಟೇ ಭಾರ ಇಳಿಯುತ್ತದೆ.

ಲೇತ್ ಶಾಪಿನ ವಿಚಾರ ಇದಕ್ಕಿಂತ ಗಂಭೀರವಾದದ್ದು. ಬೊಮ್ಮನಹಳ್ಳಿಯಲ್ಲಾಗಲಿ ಪೀಣ್ಯದಲ್ಲಾಗಲಿ ಕುಶಲ ಕೆಲಸಗಾರರಿಗೆ ಕೊರತೆಯಿಲ್ಲ. ಆದರೆ ಆಯುಧ ಕಾಯಿದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ರಿಪೇರಿ, ಮಾರ್ಪಾಡು ಮಾಡುವವನಿಗೆ ಅದಕ್ಕೆಂದೇ ಲೈಸೆನ್ಸ್ ಇರಬೇಕು. 2019ರ ತಿದ್ದುಪಡಿಯ ನಂತರ ಈ ಕಲಮಿನ ಉಲ್ಲಂಘನೆಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವಿದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ ಕೊನೆಯವರೆಗೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವ, ಒಯ್ಯುವ ಬಗ್ಗೆ. ಕಂಡವರ ಕೈಯಲ್ಲಿ ಕೋವಿಗೆ ತೂತು ಕೊರೆಸಲು ಅದು ಅನುಮತಿಯಲ್ಲ. ನಿಮ್ಮ ಲೈಸೆನ್ಸಿನಲ್ಲಿ ಯಾವ ಪ್ರದೇಶ ನಮೂದಾಗಿದೆಯೋ ನೋಡಿಕೊಳ್ಳದೆ ಕೋವಿಯನ್ನು ಬೆಂಗಳೂರಿಗೆ ಸಾಗಿಸುವುದೂ ತಪ್ಪು. ಕಾನೂನಿನ ಮಾತು ಹಾಗಿರಲಿ, ನಳಿಗೆಯ ಗೋಡೆ ತೆಳ್ಳಗಿರುತ್ತದೆ. ತಪ್ಪು ಜಾಗದಲ್ಲಿ ಕೊರೆದರೆ ಮುಂದೊಂದು ದಿನ ಅದು ಸಿಡಿಯುವುದು ನಮ್ಮ ಮುಖದ ಬಳಿಯೇ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಸ್ಕೋಪಿನಲ್ಲಿ ಏನನ್ನು ನೋಡಿದರೂ ಕೋವಿಯನ್ನು ಅದರ ಕಡೆಗೇ ತಿರುಗಿಸಿದಂತಾಗುತ್ತದೆ. ಪೊದೆ ಅಲುಗಿತೆಂದು ಸ್ಕೋಪ್ ಎತ್ತಿದಾಗ ಅಲ್ಲಿರುವುದು ಹಂದಿಯೇ ಆಗಿರಬೇಕೆಂದೇನೂ ಇಲ್ಲ. ಸೊಪ್ಪು ಕೊಯ್ಯುವ ಹೆಂಗಸಿರಬಹುದು, ನೀರು ತಿರುಗಿಸಲು ಹೋದ ಆಳು ಇರಬಹುದು, ಪಕ್ಕದ ತೋಟದ ನೆಂಟನೇ ಇರಬಹುದು. ಹಂದಿಯೆಂದು ತಿಳಿದು ಮನುಷ್ಯನಿಗೆ ಗುಂಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ಬೈನಾಕ್ಯುಲರಿನಲ್ಲಿ ಮೊದಲು ನೋಡಿ, ಖಚಿತವಾದ ಮೇಲಷ್ಟೇ ಕೋವಿಗೆ ಕೈ ಹಾಕುವ ಅಭ್ಯಾಸ ಒಂದು ಜೀವ ಉಳಿಸೀತು. ಆಗಲೂ ಆಕಾಶಕ್ಕೆ ಹಾರಿಸಿದ ಒಂದು ಸದ್ದು ಎಷ್ಟೋ ಸಲ ಸಾಕಾಗುತ್ತದೆ. ಅನುಮತಿಯಿಲ್ಲದೆ ಹಂದಿಯನ್ನು ಕೊಲ್ಲುವುದು ಅಪರಾಧ. ಮಂಗಕ್ಕೆ ಏರ್‌ಗನ್ನಿನಿಂದ ಗಾಯ ಮಾಡಿದರೂ ಕಾಯಿದೆಯ ಕಣ್ಣಿನಲ್ಲಿ ಅದು ಬೇಟೆಯೇ.

ಕಾರ್ಖಾನೆಯಲ್ಲೇ ಮೌಂಟಿಗೆ ಗಾಡಿ ಕೊರೆದಿರುವ ರೈಫಲ್ಲನ್ನು ಕಾನೂನುಬದ್ಧವಾಗಿ ಇಟ್ಟುಕೊಂಡಿರುವ ಕೆಲವರು, ಗುರಿ ಅಭ್ಯಾಸದ ಕ್ಲಬ್ಬಿಗೆ ಹೋಗುವವರು, ನಮ್ಮಲ್ಲಿದ್ದಾರೆ. ಅವರು ಗಮನಿಸಬೇಕಾದದ್ದು ಇಷ್ಟು. ಸ್ಕೋಪಿನ ಕೊಳವೆ 25.4 ಮಿ.ಮೀ.ನದೋ 30 ಮಿ.ಮೀ.ನದೋ ಅಳೆದು ಅದಕ್ಕೆ ತಕ್ಕ ಬಳೆ ತರಬೇಕು. ಸ್ಕೋಪ್ ನಳಿಗೆಗೆ ತಾಗದಷ್ಟೇ ಎತ್ತರವಿದ್ದರೆ ಸಾಕು. ಹೆಚ್ಚು ಎತ್ತರವಾದರೆ ಕೆನ್ನೆ ಹಿಡಿಯ ಮೇಲೆ ಕೂರುವುದಿಲ್ಲ. ಸ್ಕ್ರೂಗಳ ಎಣ್ಣೆ ಒರೆಸಿ, ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಸಾಧಾರಣ ಮೌಂಟ್ ಅದರಲ್ಲಿ ಜಾರುತ್ತದೆ, ತಡೆಗಡ್ಡಿಯಿರುವುದೇ ಬೇಕು. ನಮ್ಮ ಮಳೆಗಾಲದಲ್ಲಿ ಉಕ್ಕಿನ ಸ್ಕ್ರೂ ತುಕ್ಕು ಹಿಡಿಯದೆ ಇರದು. ಆದ್ದರಿಂದ ಮಳೆ ಕಳೆದ ಮೇಲೆ ಬಿಗಿಯನ್ನೂ ಗುರಿಯನ್ನೂ ಮತ್ತೆ ನೋಡಿಕೊಳ್ಳಬೇಕು. ಕೂರಿಸುವ ಕೆಲಸವನ್ನು ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲೇ ಮಾಡಿಸಿ ರಸೀದಿ ಪಡೆಯಬೇಕು.

ಉಳಿದ ಸದಸ್ಯರಲ್ಲಿ ನಮ್ಮ ಕೋರಿಕೆ ಒಂದೇ. ಮಕ್ಕಳು ಪ್ರೀತಿಯಿಂದ ಕೊಡಿಸುತ್ತೇವೆಂದರೆ ಬೇಡವೆನ್ನಬೇಡಿ. ಬೈನಾಕ್ಯುಲರ್ ಕೊಡಿಸಿರೆಂದು ಹೇಳಿ. ಕೋವಿಯನ್ನು ಮಾತ್ರ ಇದ್ದ ಹಾಗೆಯೇ, ಒರೆಸಿ, ಎಣ್ಣೆ ಹಾಕಿ, ಬೀಗದೊಳಗೆ ಇಟ್ಟುಕೊಳ್ಳಿ.