ಹಳೇ ಸಿಪಿಯು, ಹೊಸ ಡಿಸ್ಕ್ (ಭಾಗ 3)

"ಇದನ್ನ ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಅಂತ ಅಂಗಡಿಯಲ್ಲಿ ಹೇಳಿದ ತಕ್ಷಣ ತಲೆ ಆಡಿಸಿ ಬಂದ್ರಾ? ಸ್ವಲ್ಪ ತಡೀರಿ.

ಫೋಟೋದಲ್ಲಿರೋದು ಅಜ್ಜಂಪುರದ ನಮ್ಮನೆ ಕಂಪ್ಯೂಟರ್. 2.5 ಗಿಗಾಹರ್ಟ್ಸ್ ಪೆಂಟಿಯಂ ಡ್ಯುಯಲ್ ಕೋರ್, ಜಿ31 ಬೋರ್ಡು, 4 ಜಿಬಿ ರ‍್ಯಾಮ್. ಅಪ್ಪನ ಈರುಳ್ಳಿ ಲೆಕ್ಕ, ನನ್ನ ಟ್ಯಾಲಿ ಪ್ರಾಕ್ಟೀಸ್ ಎರಡೂ ಇದರಲ್ಲೇ. ಈ ವರ್ಷ ಈರುಳ್ಳಿ ರೇಟ್ ನೋಡಿದ ಮೇಲೆ ಹೊಸದು ಕೊಡಿಸಿ ಅಂತ ಕೇಳೋಕೆ ಬಾಯಿ ಬರಲಿಲ್ಲ. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಅಳೆಯೋಕೆ ಕೂತೆ.

ಬಟನ್ ಒತ್ತಿದಾಗಿಂದ ಕೆಲಸಕ್ಕೆ ಸಿದ್ಧ ಆಗೋವರೆಗೆ 3 ನಿಮಿಷ 40 ಸೆಕೆಂಡ್. ಫ್ರೆಂಡ್ ಹತ್ರ ಇದ್ದ 3 ಗಿಗಾಹರ್ಟ್ಸ್ ಕೋರ್ 2 ಡ್ಯುಯೋ ಇ8400 ತಂದು ಹಾಕಿದೆ: 3 ನಿಮಿಷ 29. ಅಷ್ಟೇ! ಹಳೇ ಪ್ರೊಸೆಸರ್ ವಾಪಸ್ ಕೂರಿಸಿ, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದೆ: 41 ಸೆಕೆಂಡ್. ಟ್ಯಾಲಿ ಓಪನ್ ಆಗೋಕೆ 28 ಸೆಕೆಂಡ್ ಹೋಗಿ 7 ಆಯ್ತು.

ಯಾಕೆ ಗೊತ್ತಾ? 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗೋಕೆ 8.3 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ನಮ್ಮ ಪ್ರೊಸೆಸರ್‌ನ ಗಡಿಯಾರ ಎರಡು ಕೋಟಿ ಸಲ ಬಡಿದಿರುತ್ತೆ, ಸುಮ್ಮನೆ ಕಾಯ್ತಾ. ಲಾರಿನೇ ಬಂದಿಲ್ಲ ಅಂದ್ರೆ ಇನ್ನಿಬ್ಬರು ಹಮಾಲರನ್ನ ಕರೆದು ಏನು ಮಾಡ್ತೀರಿ?

"ನಿಮ್ಮ ಬೋರ್ಡು ಸಾಟಾ 2, ಎಸ್‌ಎಸ್‌ಡಿ ಹಾಕಿದ್ರೆ ಅರ್ಧ ಸ್ಪೀಡ್ ವೇಸ್ಟ್" ಅಂತಾನೂ ಹೇಳ್ತಾರೆ. ಸೆಕೆಂಡಿಗೆ 300 ಎಂಬಿ ದಾಟಲ್ಲ ಅನ್ನೋದು ನಿಜ. ಆದ್ರೆ ಇಲ್ಲಿ ತಡ ಆಗ್ತಿರೋದು ಅಲ್ಲಲ್ಲಿ ಚದುರಿರೋ ಸಣ್ಣ ಸಣ್ಣ ಫೈಲ್ ಹುಡುಕೋದ್ರಲ್ಲಿ, ಆ 300ರಲ್ಲಿ ಅಲ್ಲ.

ಈ ಕಾಯಿಲೆ ಹೊಸದೇನಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಯೋಜನೆ ಶುರು ಮಾಡಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕೊಡ್ತು. 2 ಮೆಗಾಹರ್ಟ್ಸ್, 32 ಕೆಬಿ. ಅದಕ್ಕೆ 3 ಮೆಗಾಹರ್ಟ್ಸ್ ಎರಡನೇ ಪ್ರೊಸೆಸರ್ ಕೂಡ ಸಿಗ್ತಿತ್ತು. ಆದ್ರೆ ಪ್ರೋಗ್ರಾಂ ಕ್ಯಾಸೆಟ್‌ನಲ್ಲಿದ್ರೆ? ಸೆಕೆಂಡಿಗೆ 1200 ಬಿಟ್ ಲೆಕ್ಕದಲ್ಲಿ 16 ಕೆಬಿ ಬರೋಕೆ ಎರಡು ನಿಮಿಷದ ಮೇಲೆ. ಆ ಕಾಯುವಿಕೆ ಕಮ್ಮಿ ಮಾಡಿದ್ದು ಫ್ಲಾಪಿ ಡ್ರೈವ್, ಎರಡನೇ ಪ್ರೊಸೆಸರ್ ಅಲ್ಲ.

ಹಾಗಂತ ಎಸ್‌ಎಸ್‌ಡಿ ದೇವರಲ್ಲ. ಯೂಟ್ಯೂಬ್ 1080ಪಿ ಮೊದಲಿನ ಹಾಗೇ ತೊದಲುತ್ತೆ. ಅದರ ವಿಪಿ9 ವಿಡಿಯೋ ಬಿಡಿಸೋ ಯಂತ್ರ ನಮ್ಮ ಬೋರ್ಡಿನ ಗ್ರಾಫಿಕ್ಸ್‌ನಲ್ಲಿಲ್ಲ, ಎಲ್ಲಾ ಪ್ರೊಸೆಸರ್ ತಲೆ ಮೇಲೆ. ಅಲ್ಲಿ ಮಾತ್ರ ಇ8400 ಸ್ವಲ್ಪ ಗೆಲ್ತು, ಒಪ್ಪಿದೆ. ನಾನು 480ಪಿ ಇಟ್ಕೊಂಡು ನೋಡ್ತೀನಿ, ಕಾಸ್ಟಿಂಗ್ ಲೆಕ್ಚರ್‌ಗೆ ಅಷ್ಟು ಸಾಕು.

ನಿಮ್ಮದೂ ನಿಧಾನನಾ? ಟಾಸ್ಕ್ ಮ್ಯಾನೇಜರ್ ತೆಗೆದು ಡಿಸ್ಕ್ ಕಾಲಂ ನೋಡಿ. ಅಲ್ಲಿ 100% ಇದ್ದು ಸಿಪಿಯು 15ರಲ್ಲೇ ಕೂತಿದ್ರೆ ದುಡ್ಡು ಎಲ್ಲಿ ಹಾಕಬೇಕು ಅಂತ ಗೊತ್ತಾಯ್ತಲ್ಲ. ಡಿಸ್ಕ್ ಕ್ಲೋನ್ ಮಾಡೋ ಮುಂಚೆ ಟ್ಯಾಲಿ ಡೇಟಾ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ. ನಾನು ಹಾಕಿರಲಿಲ್ಲ. 60% ಆದಾಗ ಕರೆಂಟ್ ಹೋಯ್ತು. ಹಳೇ ಡಿಸ್ಕ್‌ಗೆ ಏನೂ ಆಗಿರಲಿಲ್ಲ, ಆದ್ರೆ ಅದು ಗೊತ್ತಾಗೋವರೆಗೆ ಅಪ್ಪನ ಮುಖ ನೋಡೋ ಧೈರ್ಯ ಇರಲಿಲ್ಲ.